ಅಜ್ಜಿಯ ಕಿವಿಗೆಂದು ಆರಿಸಿದ ಕಂಪ್ಯೂಟರ್

ಅಣ್ಣಾ,

ಟಿವಿ ಪಕ್ಕದ ಸಣ್ಣ ಕಂಪ್ಯೂಟರನ್ನು ಅಂಗಡಿಗೆ ವಾಪಸ್ ಒಯ್ಯಬೇಡ. "ಈ ಬುತ್ತಿ ಡಬ್ಬಿ ಏನ್ ಸಿನಿಮಾ ತೋರಸ್ತೈತಿ?" ಎಂದು ನಕ್ಕೆಯಲ್ಲ, ಅಂಗಡಿಯಲ್ಲಿ ನೀನು ಮೆಚ್ಚಿದ ದೊಡ್ಡ ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿತ್ತು, ಇದರಲ್ಲಿ ಫ್ಯಾನೇ ಇಲ್ಲ. ಕಣ್ಣು ಕಾಣದ ಅಜ್ಜಿಗೆ ಸಿನಿಮಾ ಎಂದರೆ ಸದ್ದೇ ಅಲ್ಲವೇ? ಅದಕ್ಕೇ ಇದನ್ನು ಆರಿಸಿದೆ.

ಬೆಳಿಗ್ಗೆ ಒಂದು ಸಿನಿಮಾ ಹಚ್ಚಿದೆ. ಸ್ವಲ್ಪ ಹೊತ್ತಿಗೆ, "ಉಮಾ, ಬಾಗಲದ ಹಿಂದ ಯಾರೋ ಉಸರ ಬಿಡಾಕತ್ತಾರ" ಎಂದಳು ಅಜ್ಜಿ. ಪರದೆಯ ಮೇಲೆ ಕಳ್ಳ ಕಂಡದ್ದು ಆಮೇಲೆ! ಚಿಕ್ಕಂದಿನಲ್ಲಿ ನಮಗೆ ಹೇಳುತ್ತಿದ್ದ ಅವಳ ಕಥೆಯ ರಾಜಕುಮಾರಿಗೆ ಏಳು ಕೋಟೆಯಾಚೆಯ ಗೆಜ್ಜೆಯ ಸದ್ದು ಕೇಳುತ್ತಿದ್ದದ್ದು ಸುಳ್ಳಲ್ಲ.

ಡಬ್ಬಿಯನ್ನು ಕಪಾಟಿನೊಳಗೆ ಇಡಬೇಡ, ಬಿಸಿಯಾಗುತ್ತದೆ. ನಾನು ಧಾರವಾಡದ ಬಸ್ಸಿಗೆ ಹೊರಟೆ. ಉಳಿದರ್ಧ ಸಿನಿಮಾಕ್ಕೆ ಅಜ್ಜಿ ನಿನ್ನನ್ನೇ ಕಾಯುತ್ತಿದ್ದಾಳೆ. ಇನ್ನೂ ವಾಪಸ್ ಒಯ್ಯಬೇಕೆನ್ನಿಸಿದರೆ ನನಗಲ್ಲ, ಅವಳಿಗೆ ಹೇಳು.

ಉಮಾ