ತಂತಿ ಎತ್ತಿ ಹಿಡಿದವಳ ಮಗಳು ಕಳ್ಳಿಯಲ್ಲ

ಮಾನ್ಯರೇ,

ಹಾವೇರಿಯ ಕಚೇರಿಯಲ್ಲಿ ಕುಳಿತು ಜಿಲ್ಲೆಯ ಮನೆಮನೆಗೆ ಇಂಟರ್ನೆಟ್ ಹಂಚುವ ಮುಖ್ಯಾಧಿಕಾರಿಗಳೇ, ನಿಮ್ಮ ಒಂದು ಜೋಲುತಂತಿಯ ದೆಸೆಯಿಂದ ನಾನು ಕಳ್ಳಿ ಎನಿಸಿಕೊಂಡಿದ್ದೇನೆ. ತಂತಿ ಸರಿಯಿರಲಿಲ್ಲ ಎಂದು ಒಂದು ಸಾಲು ಬರೆದುಕೊಡಿ ಎಂದರೆ, ನನ್ನ ಕಂಪ್ಯೂಟರಿನ ವೇಗ ಹೆಚ್ಚಿಸಿಕೊಳ್ಳುವ ಉಪಾಯ ಹೇಳಿ ಕಳಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ವಿದ್ಯೆಯನ್ನು ಯಾವ ತರಬೇತಿಯಲ್ಲಿ ಕಲಿತಿರಿ? ನಿಮ್ಮ ಕಚೇರಿಯಲ್ಲಿ ಕೇಳಿ ಸಾಕಾಯಿತು, ಆದ್ದರಿಂದ ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಬ್ಯಾಡಗಿಯವಳು. ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತೇನೆ. ಬಿಡುವಿದ್ದಾಗ ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತೇನೆ. ನಮ್ಮದು ನಾಲ್ವರ ತಂಡ. ಅದನ್ನು ಕಟ್ಟಿದವರು ನಾನು ಮತ್ತು ರಾಣೆಬೆನ್ನೂರಿನ ಪ್ರಿಯಾಂಕಾ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಕಿರಿಯವಳು, ಒಂದೇ ಡಬ್ಬಿಯಲ್ಲಿ ಉಂಡವಳು, ಇಂದಿಗೂ ನನ್ನನ್ನು ಅಕ್ಕಾ ಎಂದೇ ಕರೆಯುವವಳು. ಕರೆಯುತ್ತಿದ್ದವಳು ಎಂದು ತಿದ್ದಿಕೊಳ್ಳಿ.

ಈ ಆಟದಲ್ಲಿ ‘ಲ್ಯಾಗ್’ ಎಂಬುದೊಂದಿದೆ. ನಾನು ಇಲ್ಲಿ ಗುಂಡಿ ಒತ್ತಿದ್ದು ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಎದುರಾಳಿ ನನ್ನನ್ನು ಕೊಂದು, ನೀರು ಕುಡಿದು ಬಂದು ಕುಳಿತಿರುತ್ತಾನೆ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗಲೆಲ್ಲ ತಪ್ಪು ನನ್ನ ಮನೆಯೊಳಗೇ ಸಿಕ್ಕಿತು. ವೈಫೈ ಬಿಟ್ಟು ತಂತಿ ಜೋಡಿಸಿ ಎಂದರು, ಜೋಡಿಸಿದೆ. ಹಿಂದೆ ಸುಮ್ಮನೆ ಓಡುವ ಪ್ರೋಗ್ರಾಂಗಳನ್ನು ನಿಲ್ಲಿಸಿ ಎಂದರು, ನಿಲ್ಲಿಸಿದೆ. ಚಿತ್ರದ ಗುಣಮಟ್ಟ ಇಳಿಸಿ ಎಂದರು. ಇಳಿಸಿ ಇಳಿಸಿ, ಆಟದಲ್ಲಿ ಮರ ಯಾವುದು ಮನುಷ್ಯ ಯಾವನು ಎಂದು ಗುರುತು ಸಿಗದಂತಾಯಿತು. ಹೊಸ ರ‍್ಯಾಮ್ ಹಾಕಿಸಿದೆ. ಕೊನೆಗೆ, ಒಳಗೆ ಧೂಳು ಕೂತಿರಬೇಕು, ಬಿಚ್ಚಿ ಸ್ವಚ್ಛ ಮಾಡಿ ಎಂದರು. ಅದೊಂದು ಮಾತ್ರ ನಿಜ. ಬ್ಯಾಡಗಿಯಲ್ಲಿ ಕಂಪ್ಯೂಟರಿನ ಫ್ಯಾನಿಗೆ ಕೂರುವುದು ಬರೀ ಧೂಳಲ್ಲ, ಮೆಣಸಿನಕಾಯಿಯ ಘಾಟು. ನಾನು ಬ್ರಷ್ ಆಡಿಸಿದ್ದೇ ತಡ, ಮನೆಮಂದಿಯೆಲ್ಲ ಸೀನುತ್ತ ಅಂಗಳಕ್ಕೆ ಓಡಿದರು. ಕಂಪ್ಯೂಟರ್ ಕುದುರೆಯಂತಾಯಿತು, ಲ್ಯಾಗ್ ಮಾತ್ರ ಇದ್ದಲ್ಲೇ ಇತ್ತು.

ಏಕೆಂದರೆ ರೋಗವಿದ್ದದ್ದು ಬೀದಿಯಲ್ಲಿ. ನಿಮ್ಮ ತಂತಿ ನಮ್ಮ ಓಣಿಯನ್ನು ದಾಟುವಲ್ಲಿ ಹಳೆಯ ಸೀರೆಯ ಸೆರಗಿನಂತೆ ಜೋತುಬಿದ್ದಿದೆ. ಪೇಟೆಯ ದಿನ ಮೆಣಸಿನಕಾಯಿ ಚೀಲಗಳನ್ನು ಆಕಾಶದೆತ್ತರ ಹೇರಿಕೊಂಡ ಲಾರಿಗಳು ಅದರಡಿಯೇ ಹೋಗಬೇಕು. ತಂತಿ ಹರಿದೀತೆಂದು ನನ್ನ ತಾಯಿ ಬಿಸ್ಮಿಲ್ಲಾಬಿ ಉದ್ದನೆಯ ಬಿದಿರಿನ ತುದಿಗೆ ಕವಲು ಕಟ್ಟಿ, ಲಾರಿ ಬಂದಾಗಲೆಲ್ಲ ಕಟ್ಟೆಯ ಮೇಲೆ ನಿಂತು ಎತ್ತಿ ಹಿಡಿಯುತ್ತಾಳೆ. ಲಾರಿಯವರು ಹಾರ್ನ್ ಹೊಡೆದು, ಅಮ್ಮಾ ತಂತಿ, ಎಂದು ಕೂಗುವುದು ಈಗ ಓಣಿಯ ರೂಢಿ. ಎತ್ತಿದಾಗಲೆಲ್ಲ ಕಂಬದ ಮೇಲಿನ ಸಡಿಲ ಜೋಡಣೆ ಅಲುಗಿ ನೆಟ್ ಹೋಗುತ್ತದೆ, ಇಳಿಸಿದ ಮೇಲೆ ಬರುತ್ತದೆ. ಎತ್ತದಿದ್ದರೆ ತಂತಿಯೇ ಹೋಗುತ್ತದೆ.

ದೂರು ಕೊಟ್ಟೆವು. ನಿಮ್ಮ ಲೈನ್‌ಮನ್ ಬಂದರು. ತಂತಿಯನ್ನು ನೋಡಿದರು, ಕೋಲನ್ನು ನೋಡಿದರು, ಕೋಲು ಬಹಳ ಹಿಡಿಸಿತು. “ಕೋಲ ಹೆಂಗೂ ಐತಲ್ಲಬೇ, ಛಲೋ ಆತು ಬಿಡ್ರಿ” ಎಂದು ಚಹಾ ಕುಡಿದು ಹೋದರು. ಅವರು ಓಣಿಯ ತಿರುವು ದಾಟುವ ಮೊದಲೇ, ನಿಮ್ಮ ದೂರು ಬಗೆಹರಿದಿದೆ ಎಂಬ ಸಂದೇಶ ನನ್ನ ಮೊಬೈಲಿಗೆ ಬಂತು. ಆ ಸಂದೇಶ ಮಾತ್ರ ಎಷ್ಟು ಲಗೂ ಬಂತೆಂದರೆ, ಅದಕ್ಕೆ ಯಾವ ಲ್ಯಾಗೂ ಇರಲಿಲ್ಲ! ಹೀಗೆ ನನ್ನ ತಾಯಿ ಸಂಬಳವಿಲ್ಲದೆ ನಿಮ್ಮ ಇಲಾಖೆಯ ಕಂಬವಾದಳು.

ಈಗ ಕಳ್ಳತನದ ಮಾತಿಗೆ ಬರುತ್ತೇನೆ. ರಾಜ್ಯಮಟ್ಟದ ಪಂದ್ಯವೊಂದರ ಮೊದಲ ಸುತ್ತು ಸೋಮವಾರ, ಪೇಟೆಯ ದಿನವೇ ಬಿತ್ತು. ಎದುರಾಳಿಗಳು ನನ್ನನ್ನು ಬಯಲಿನಲ್ಲಿ ಸುತ್ತುಗಟ್ಟಿದ್ದರು. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ತಾಯಿ ಕೋಲೆತ್ತಿದಳು, ನನ್ನ ನೆಟ್ ಹೋಯಿತು. ಲಾರಿ ದಾಟಿ ನೆಟ್ ಮರಳಿದಾಗ, ಅಷ್ಟು ಹೊತ್ತು ನಾನು ಒತ್ತಿದ ಗುಂಡಿಗಳೆಲ್ಲ ಒಟ್ಟಿಗೇ ಮುಟ್ಟಿ, ಪರದೆಯ ಮೇಲೆ ನಾನು ಗೋಡೆಯ ಹಿಂದೆ ಸುರಕ್ಷಿತವಾಗಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಲಾರಿ ಬಂತು, ಅದೇ ಕಥೆ. ಸೋಲುವ ಹೊತ್ತಿಗೆ ತಾವೇ ನೆಟ್ ತಪ್ಪಿಸಿ, ಎದುರಿನವರ ಕಣ್ಣಿಗೆ ಮಣ್ಣೆರಚಿ, ಮತ್ತೆ ಜೋಡಿಸಿಕೊಳ್ಳುವ ಕಳ್ಳಾಟಗಾರರು ಇರುವುದು ನಿಜ. ಸಂಘಟಕರು ನನ್ನನ್ನೂ ಅವರ ಸಾಲಿಗೆ ಸೇರಿಸಿ ಹೊರಹಾಕಿದರು. ನೆಟ್ ಕೊಡುವವರಿಂದ ಲೈನ್ ಕೆಟ್ಟಿತ್ತೆಂದು ಬರೆಸಿ ತಂದರೆ ಮರುವಿಚಾರ ಮಾಡುತ್ತೇವೆ ಎಂದರು. ಅವರದು ತಪ್ಪೆನ್ನಲಾರೆ. ಮೆಣಸಿನಕಾಯಿ ಲಾರಿಯ ಕಥೆಯನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ.

ಆದರೆ ಅಂದು ಸಂಜೆ ಪ್ರಿಯಾಂಕಾ ಫೋನ್ ಮಾಡಿದಳು. ಬಹಳ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿ ಕೇಳಿದಳು: “ಅಕ್ಕಾ, ಖರೇ ಹೇಳ್ರಿ. ನೀವ ನೆಟ್ ತಗದು ಹಾಕತಿದ್ರೇನು?” ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅಂದಿನಿಂದ ಅವಳ ಫೋನ್ ಬಂದಿಲ್ಲ.

ಮರುದಿನವೇ ತಾಯಿಯೊಂದಿಗೆ ಬಸ್ ಹತ್ತಿ ನಿಮ್ಮ ಕಚೇರಿಗೆ ಬಂದೆ. ನೆನಪಿರಬಹುದು. ನಮ್ಮ ಲೈನಿನಲ್ಲಿ ದೋಷವೇ ಇಲ್ಲ, ದೂರು ಬಗೆಹರಿದಿದೆ, ಕಂಪ್ಯೂಟರ್ ಬದಲಿಸಿ ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಪಕ್ಕದವರ ಕಡೆ ತಿರುಗಿ ನಕ್ಕಿರಿ. ಸ್ವಾಮಿ, ನೆಲ ಡೊಂಕಾಗಿಯೇ ಇದ್ದರೆ ಕುಣಿಯುವವಳು ಬೇರೆ ಏನನ್ನಬೇಕು? ಹೆಣ್ಣುಮಕ್ಕಳಿಗೆ ಬಂದೂಕಿನ ಆಟ ಯಾಕೆ ಎಂದೂ ಕೇಳಿದಿರಿ. ಅದಕ್ಕೆ ನನ್ನ ತಾಯಿ ಹೇಳಿದ್ದನ್ನು ನೀವು ಕೇಳಿಸದವರಂತೆ ಎದ್ದುಹೋದದ್ದರಿಂದ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ: “ಸಾಹೇಬ್ರ, ಆಟ ಆಡಾಕ ಪರವಾನಗಿ ಕೇಳಾಕ ಬಂದಿಲ್ರಿ. ನಿಮ್ಮ ತಂತಿ ಎತ್ತಿ ಹಿಡದ ನನ್ನ ರಟ್ಟಿ ಬಿದ್ದಾವು. ನನ್ನ ಮಗಳು ಕಳ್ಳಿ ಅಲ್ಲ ಅಂತ ಒಂದ ಮಾತ ಬರದ ಕೊಡ್ರಿ.”

ಎರಡನೆಯ ಸುತ್ತು ಮುಗಿದಿದೆ. ನನ್ನ ಜಾಗದಲ್ಲಿ ಬೇರೊಬ್ಬರನ್ನು ಸೇರಿಸಿಕೊಂಡು ನನ್ನ ತಂಡ ಗೆದ್ದಿದೆ. ಸಂತೋಷ. ಆದ್ದರಿಂದ ಪಂದ್ಯದ ಹೆದರಿಕೆ ನಿಮಗೆ ಬೇಡ, ನಾನೀಗ ಕೇಳುತ್ತಿರುವುದು ಪ್ರಿಯಾಂಕಾಳಿಗೆ ತೋರಿಸಲು. ನಿಮ್ಮ ಮುಂದೆ ಎರಡು ದಾರಿಗಳಿವೆ. ತಂತಿ ಕೆಟ್ಟಿತ್ತು ಎಂದು ಬರೆದು ಸಹಿ ಹಾಕಿ. ಇಲ್ಲವೇ, ತಂತಿ ಸರಿಯಿತ್ತು, ಆದ್ದರಿಂದ ಈ ಹುಡುಗಿ ಕಳ್ಳಿ ಎಂದು ಬರೆದು ಅದಕ್ಕಾದರೂ ಸಹಿ ಹಾಕಿ. ಎರಡನ್ನೂ ಬರೆಯದೆ ಕುಳಿತಿರುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ, ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಇನ್ನು ಮುಂದೆ ಸೋಮವಾರ ಕೋಲು ಹಿಡಿಯಬೇಡ ಎಂದು ತಾಯಿಗೆ ಹೇಳಿದೆ. ಅದೇ ತಂತಿ ಮುಂದೆ ಪೇಟೆಯ ಅಂಗಡಿಗಳಿಗೆಲ್ಲ ಹೋಗುತ್ತದೆ. ಒಮ್ಮೆ ಹರಿದುಬಿದ್ದರೆ ನೀವೇ ಜೀಪಿನಲ್ಲಿ ಓಡಿ ಬರುತ್ತೀರಿ, ನನಗೆ ಇಡೀ ಊರೇ ಸಾಕ್ಷಿಯಾಗುತ್ತದೆ. ತಾಯಿ ಒಪ್ಪಲಿಲ್ಲ. “ಮಂದಿ ಕೆಲಸ ಕೆಡತೈತಿ, ಬ್ಯಾಡ” ಎಂದಳು. ಈ ಪತ್ರ ಬರೆಯುವಾಗಲೂ ಹೊರಗೆ ಹಾರ್ನ್ ಕೇಳುತ್ತಿದೆ, ಅವಳು ಕಟ್ಟೆ ಹತ್ತುತ್ತಿದ್ದಾಳೆ.

ಇಂತಿ,
ನಿಮ್ಮ ಕಡತದಲ್ಲಿ ಸಮಸ್ಯೆಯೇ ಇಲ್ಲದ ಗ್ರಾಹಕಿ, ಗೆಳತಿಯ ಕಣ್ಣಲ್ಲಿ ಇನ್ನೂ ಕಳ್ಳಿ,
ಮೆಹನಾಜ, ಬ್ಯಾಡಗಿ