ಕಳಸಾಪುರದ ಯಂಕಪ್ಪ ಬಂದಿದ್ದ

ಬೆಟಗೇರಿ, ಗದಗ
೧೧ ಅಕ್ಟೋಬರ್ ೧೯೫೬

ಪ್ರೀತಿಯ ಸಾಮಣ್ಣನಿಗೆ ತಂಗಿ ಎಸ್ತೇರಿಯ ವಂದನೆಗಳು.

ವೈನಿಯವರ ಬಾಣಂತನ ಹೇಗೆ ನಡೆದಿದೆ? ಕೂಸು ಹೊಟ್ಟೆ ತುಂಬ ಹಾಲು ಕುಡಿಯುತ್ತದೆಯೇ? ಇಲ್ಲಿ ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ಮುಂದಿನ ತಿಂಗಳಿನಿಂದ ನಿನ್ನ ಮಂಗಳೂರೂ ನಮ್ಮ ಗದಗೂ ಒಂದೇ ರಾಜ್ಯವಂತೆ. ಇನ್ನು ದೂರದ ನೆಪ ಹೇಳಿದರೆ ನಾನು ನಂಬುವವಳಲ್ಲ.

ಹಿರಿಯವನಿಗೆ ಅಪ್ಪನ ಹೆಸರಿಟ್ಟಾಯಿತು, ಪದ್ಧತಿಯಂತೆ ಈ ಕೂಸಿಗೆ ಅವ್ವನ ತಂದೆಯ ಹೆಸರಿಡಬೇಕು, ಅವ್ವನನ್ನು ಕೇಳಿ ಬರೆ ಎಂದು ನೀನು ಕಾಗದ ಹಾಕಿದ್ದೆ. ಕೇಳಿದೆ. ಅದೇ ಹಳೆಯ ಉತ್ತರ: "ಬರಗಾಲದಾಗ ಮಗಳನ್ನ ಬಿಟ್ಟು ಹೋದಾವನ ಸುದ್ದಿ ನನ್ನ ಮುಂದ ಎತ್ತಬ್ಯಾಡ." ಪಾಪ, ತಂದೆಯ ಹೆಸರಾಗಲಿ ಊರಾಗಲಿ ಅವಳಿಗೆ ಗೊತ್ತೇ ಇರಲಿಲ್ಲ.

ಈಗ ನನಗೆ ಗೊತ್ತಾಗಿದೆ, ಅಣ್ಣಾ. ಇಲ್ಲಿಯ ಮಿಶನ್ನಿನ ಹಳೆಯ ಪುಸ್ತಕಗಳೆಲ್ಲ ಸೋಮವಾರ ಹೊರಟು, ಹಡಗು ಹತ್ತಿ ಪರದೇಶದ ಮೂಲ ಸಭೆಗೆ ಹೋಗುತ್ತಿವೆ. ಪಟ್ಟಿ ಮಾಡಿಕೊಡು ಎಂದು ಪಾದ್ರಿಗಳು ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿದರು. ಅವ್ವ ಬೆಳೆದ ಅನಾಥಾಲಯದ ದಿನಚರಿ ಸಿಕ್ಕಿತು. ಯಾರೋ ಉಪದೇಶಿಗಳು ಕನ್ನಡದಲ್ಲೇ ಬರೆದದ್ದು. 'ಹನಮವ್ವ, ವಯಸ್ಸು ನಾಲ್ಕು, ಎಡಗೈಗೆ ಆರು ಬೆರಳು, ಕಳಸಾಪುರದ ಯಂಕಪ್ಪನ ಮಗಳು. ಇನ್ನು ಮುಂದೆ ಮಾರ್ತಾ.' ನಮ್ಮ ಅವ್ವ! ಮುಂಜಾನೆ ನಡೆದು ಹೋದರೆ ಊಟದ ಹೊತ್ತಿಗೆ ಮರಳಿ ಬರುವಷ್ಟು ಹತ್ತಿರದ ಊರು.

ಮುಂದೆ ಸಂತೆಯ ದಿನಗಳಲ್ಲೆಲ್ಲ ಒಂದೇ ಸಾಲು: 'ಕಳಸಾಪುರದ ಯಂಕಪ್ಪ ಬಂದಿದ್ದ. ಕೂಸನ್ನು ತೋರಿಸಲಿಲ್ಲ.' ಹೆತ್ತವರನ್ನು ಕಂಡರೆ ಮಕ್ಕಳು ಇಲ್ಲಿ ನಿಲ್ಲುವುದಿಲ್ಲವೆಂದು ಆಗ ಹಾಗೊಂದು ನಿಯಮವಿತ್ತಂತೆ. ಮಿಶನ್ನಿನವರ ಗಂಜಿಯಿಂದಲೇ ಅವ್ವ ಬದುಕಿದಳು, ಖರೆ. ಆದರೂ ಆ ಸಾಲುಗಳನ್ನು ಬೆರಳಿಟ್ಟು ಎಣಿಸಿದೆ. ಐದು ವರ್ಷ ಬಂದಿದ್ದಾನೆ. ಆಮೇಲೆ, 'ಯಂಕಪ್ಪ ಪ್ಲೇಗಿನಲ್ಲಿ ತೀರಿಕೊಂಡನೆಂದು ತಿಳಿಯಿತು.'

"ಹಳೇ ಕಾಗದ, ಹೋಗಲಿ ಬಿಡವಾ" ಎಂದರು ಪಾದ್ರಿಗಳು. ನಕಲು ಮುಗಿಯುವವರೆಗೆ ಈ ಪೆಟ್ಟಿಗೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ ಎಂದೆ. ಮೂರು ಸಂಜೆ ಕೂತು ಒಂದು ಸಾಲೂ ಬಿಡದೆ ಬರೆದುಕೊಂಡಿದ್ದೇನೆ. ಇವತ್ತು ಅವ್ವನಿಗೆ ಓದಿ ಹೇಳುವವಳೇ. ಬೈದರೆ ಬೈಯಲಿ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿನ್ನ ತಂಗಿ,
ಎಸ್ತೇರಿ

ತಾ.ಕ.: ಅಂಚೆಗೆ ಹಾಕುವ ಮೊದಲೇ ಓದಿದೆ. ಅವ್ವ ಬೈಯಲಿಲ್ಲ. "ಬಂದಿದ್ದ ಅನ್ನೂದನ್ನ ಇನ್ನೊಮ್ಮಿ ಓದು" ಎಂದಳು. ಎಷ್ಟು ಸಲ ಓದಿಸಿದಳೋ. ಆಮೇಲೆ ಕಣ್ಣೊರೆಸಿಕೊಂಡು, "ಕೂಸಿಗೆ ಯಂಕಪ್ಪ ಅಂತನ ಹೆಸರಿಡಾಕ ಬರಿ" ಎಂದಳು. ಇದು ಕ್ರೈಸ್ತರ ಹೆಸರಲ್ಲವೆಂದು ನಿಮ್ಮ ಪಾದ್ರಿಗಳು ದೀಕ್ಷಾಸ್ನಾನಕ್ಕೆ ತಕರಾರು ತೆಗೆದರೆ ಕೂಡಲೇ ತಂತಿ ಕೊಡು. ಅವ್ವ ತಾನೇ ಮಂಗಳೂರಿಗೆ ಬರುತ್ತಾಳಂತೆ. ಮೊಣಕಾಲಿನ ಮಾತೇ ಎತ್ತಲಿಲ್ಲ.