ರೊಟ್ಟಿಯ ನಂಬರ್

12 ಜನವರಿ 2015
ಮತ್ತೆ ಮಾದಾಪುರದ ಟ್ರಾಫಿಕ್, ಮತ್ತೆ ಲೇಟು. ಆಫೀಸಿನಲ್ಲಿ ಸೆಕ್ಯೂರಿಟಿ ಟ್ರೇನಿಂಗ್, ಕೊಟ್ಟವನು ನಾನೇ. ಓಟಿಪಿ ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಕೇಳುವುದೇ ಇಲ್ಲ, ಅನುಮಾನ ಬಂದರೆ ಮಾತಿಗೆ ನಿಲ್ಲದೆ ಫೋನ್ ಇಡಿ. ಇಂಗ್ಲಿಷಿನಲ್ಲಿ ಹೇಳಿದೆ, ತೆಲುಗಿನಲ್ಲಿ ಪ್ರಶ್ನೆ ಕೇಳಿದರು. ರೂಮಿಗೆ ಬಂದ ಮೇಲೆ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಜೊತೆಗಿದ್ದ ಭರತ ಮದುವೆಯಾಗಿ ರೂಮು ಬಿಟ್ಟ ಮೇಲೆ ಹೀಗೇ.

15 ಜನವರಿ, ಸಂಕ್ರಾಂತಿ
ರಜೆ. ಮಧ್ಯಾಹ್ನ ಫೋನ್. ಹಿಂದಿಯಲ್ಲಿ ಶುರು ಮಾಡಿದ — ಬ್ಯಾಂಕಿನಿಂದ ರಾಘವೇಂದ್ರ, ನಿಮ್ಮ ಕಾರ್ಡ್ ಬಂದ್ ಆಗುತ್ತದೆ, ನಂಬರ್ ಹೇಳಿ. ನನ್ನ ಹಿಂದಿ ಕೇಳಿದವನೇ ಕನ್ನಡಕ್ಕೆ ಹೊರಳಿದ. ರಾಯಚೂರ ಕಡೆಯವರೇನ್ರಿ ಎಂದ. ಕಳ್ಳ ಅಂತ ಗೊತ್ತಿತ್ತು. ಇಡಬೇಕಿತ್ತು...
"ಹಬ್ಬದ ಊಟ ಆತೇನ್ರಿ?"
ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಸುಳ್ಳು ನಂಬರ್ ಕೊಟ್ಟು ಆಟ ಆಡಿಸಿದೆ. ಅವನಿಗೆ ತಿಳಿಯಿತು, ನಕ್ಕ. ನಾನೂ ನಕ್ಕೆ.

21 ಜನವರಿ
ಮತ್ತೆ ಅವನೇ. ಪುಂಡಿಪಲ್ಲೆ, ಸಜ್ಜಿ ರೊಟ್ಟಿ, ಊರಿನ ಬಿಸಿಲು — ಇದೇ ಮಾತು. ಎಷ್ಟು ಹುಷಾರು ನಾನು! ಅವನಿಂದ ಇಷ್ಟು ಮಾತು ಕಿತ್ತುಕೊಂಡೆ, ಅವನಿಗೆ ಒಂದು ಅಂಕಿಯೂ ಸಿಕ್ಕಿಲ್ಲ.

30 ಜನವರಿ
ಅವನ ತಮ್ಮ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದಾನಂತೆ. ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಕೆಳಗಿನ ಮನೆಯ ಸಾವಿತ್ರಿಬಾಯಿಯ ನಂಬರ್ ಕೊಟ್ಟೆ. ಬೀದರ್ ಕಡೆಯವರು, ಗಂಡನಿಲ್ಲ, ರೊಟ್ಟಿ ಬಡಿದು ನಮ್ಮಂಥವರಿಗೆ ಮಾರುತ್ತಾರೆ. ಪಾಪ, ಗಿರಾಕಿ ಒಬ್ಬ ಹೆಚ್ಚಾಗಲಿ.

9 ಫೆಬ್ರವರಿ
ಫೋನೇ ಇಲ್ಲ. ಇವತ್ತು ನಾನೇ ಮಾಡಿದೆ. ಸ್ವಿಚ್ ಆಫ್. ಕಳ್ಳನ ಫೋನಿಗೆ ಕಾಯುವ ಗತಿ ಬಂತಲ್ಲ, ಥೂ.

11 ಫೆಬ್ರವರಿ
ಕೆಳಗೆ ಅಳು. ಸಾವಿತ್ರಿಬಾಯಿಯ ಖಾತೆ ಖಾಲಿ, ಮಗಳ ನರ್ಸಿಂಗ್ ಫೀಸು ಅದರಲ್ಲೇ ಇತ್ತು. ಓಟಿಪಿ ಹೇಗೆ ಕೊಟ್ಟಿರಿ ಎಂದು ರೇಗಿದೆ. ಟ್ರೇನಿಂಗ್ ಕೊಟ್ಟ ಬಾಯಿ.
"ನಿಮ್ಮ ಹೆಸರ ಹೇಳಿದನ್ರಿ. ಗುರುಬಸವಣ್ಣ ನಮ್ಮವನ ಅಂದ. ಅದಕ್ಕ ಕೊಟ್ಟೆ."
ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿದೆ. ಸ್ಟೇಷನ್ನಿಗೆ ಜೊತೆಗೆ ಹೋಗಿ ತೆಲುಗಿನಲ್ಲಿ ಎಲ್ಲ ಹೇಳಿದೆ, ರಾಘವೇಂದ್ರನ ನಂಬರನ್ನೂ ಕೊಟ್ಟೆ. ನನಗೂ ಒಮ್ಮೆ ಅವನ ಫೋನ್ ಬಂದಿತ್ತು ಎಂದಷ್ಟೇ ಅಂದೆ. ಆಟೋದಲ್ಲಿ ಅವರೇ ನನ್ನನ್ನು ಸಮಾಧಾನ ಮಾಡಿದರು.
"ನಿಮ್ಮ ಹೆಸರೂ ಕದ್ದಾನ ನೋಡ್ರಿ, ಸುಡಗಾಡ."
ಹೂಂ ಅಂದೆ.

14 ಫೆಬ್ರವರಿ
ಸಾವಿತ್ರಿಬಾಯಿ ರೊಟ್ಟಿ ತಂದುಕೊಟ್ಟರು. ರೊಕ್ಕ ಬೇಡವೆಂದರು. ಈ ಊರಾಗ ನಮ್ಮವರಂತ ನೀವ ಒಬ್ರು ಎಂದು ಇಳಿದು ಹೋದರು. ತಟ್ಟೆ ಮುಂದಿದೆ, ಒಂದು ತುತ್ತೂ ಮುರಿದಿಲ್ಲ. ನಿಜ ಹೇಳಿದರೆ ಇವರೂ ಹೋಗುತ್ತಾರೆ, ಮತ್ತೆ ನಾನೊಬ್ಬನೇ. ಭಯವಾಗುತ್ತಿದೆ. ಹೇಳದಿದ್ದರೆ ಆ ಕಳ್ಳನಿಗೂ ನನಗೂ ಏನು ಫರಕು?
ಕೆಳಗಿನಿಂದ ಕೂಗುತ್ತಿದ್ದಾರೆ, ಊಟ ಆತೇನ್ರಿ ಅಂತ. ಇಳಿದು ಹೋಗಿ ಮೊದಲು, ನಂಬರ್ ಕೊಟ್ಟವನು ನಾನೇ ಅಂತ—